ಹಾವಿನ ಮರಿಗೆ ಎಷ್ಟು ಅಂಗುಲದ ಮನೆ?

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಒಕ್ಕಲಾಯಿತೆಂಬುದು ನಮ್ಮಲ್ಲಿ ಹಳೆಯ ಮಾತು. ಪರರ ದುಡಿಮೆಯನ್ನು ಕಬಳಿಸುವವನನ್ನು ಹಳಿಯಲು ಹುಟ್ಟಿದ ಗಾದೆಯಾದರೂ ಅದರಲ್ಲಿ ಪ್ರಾಣಿಶಾಸ್ತ್ರದ ಸತ್ಯವೊಂದು ಅಡಗಿದೆ. ಹಾವಿಗೆ ಕೈಯಿಲ್ಲ, ಕಾಲಿಲ್ಲ. ತನಗೆಂದು ಮನೆ ಕಟ್ಟಿಕೊಳ್ಳುವ ವಿದ್ಯೆ ಅದಕ್ಕಿಲ್ಲ. ಮೊಟ್ಟೆಗಳಿಗಾಗಿ ತರಗೆಲೆಯ ಗುಡ್ಡೆಯನ್ನು ಕೂಡಿಸುವ ಕಾಳಿಂಗನ ಹೆಣ್ಣೊಂದು ಮಾತ್ರ ಇದಕ್ಕೆ ಅಪವಾದ. ಉಳಿದ ಹಾವುಗಳೆಲ್ಲ ಇಲಿಯ ಬಿಲ, ಮರದ ಪೊಟರೆ, ಕಲ್ಲಿನ ಸಂದು, ಹುತ್ತದ ಕೋವಿ ಎಂದು ಸಿಕ್ಕಿದಲ್ಲಿ ಬಿಡಾರ ಹೂಡುವ ಬಾಡಿಗೆದಾರರು.

ಇಂಥ ಬಾಡಿಗೆದಾರನಿಗೆ ಮನುಷ್ಯನೇ ಮನೆ ಕಟ್ಟಿಕೊಡಲು ಹೊರಟರೆ ಅದರ ಅಳತೆ ಎಷ್ಟಿರಬೇಕು? ಮೇಲುನೋಟಕ್ಕೆ ಇದು ನಗೆ ತರಿಸುವ ಪ್ರಶ್ನೆ. ಆದರೆ ಇಂದು ಅಮೆರಿಕ, ಜರ್ಮನಿ, ಇಂಗ್ಲೆಂಡುಗಳಲ್ಲಿ ಪಶುವೈದ್ಯರೂ ಪ್ರಾಣಿಪ್ರಿಯರೂ ಇದನ್ನು ಕುರಿತು ಬಿಸಿಬಿಸಿಯಾಗಿ ವಾದಿಸುತ್ತಿದ್ದಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನಿನೊಳಗಿಂದ ಹಾವಿನ ಮರಿಗಳು ಹೊರಬೀಳುತ್ತಿರುವ ಈ ದಿನಗಳಲ್ಲಿ ಅದು ನಮ್ಮ ಹೊಸ್ತಿಲನ್ನೂ ಮುಟ್ಟಿದೆ.

ಎರೆಯ ಬಿರುಕಿನ ಬಿಡಾರ

ಪೆಟ್ಟಿಗೆಯ ಮಾತಿಗೆ ಮೊದಲು ಬಯಲಿನ ಮಾತನ್ನು ನೋಡುವುದು ಒಳಿತು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಸೀಮೆ ವಿಶಾಲವಾದ ಬಯಲು. ವಳಕಮದಿನ್ನಿ ಈ ಸೀಮೆಯ ಊರು. ಹೆಸರಿನ ಕೊನೆಯಲ್ಲಿರುವ ‘ದಿನ್ನಿ’ ಎಂದರೆ ಸುತ್ತಲಿನ ನೆಲಕ್ಕಿಂತ ಎತ್ತರವಾದ ದಿಬ್ಬ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಕಡೆ ಭತ್ತದ ಗದ್ದೆಗಳು ಹಬ್ಬಿದವು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಇದು ಪ್ರಕೃತಿಯ ಲೆಕ್ಕ. ಇಂಥ ಬಯಲಿನ ಕೇರೆ, ನಾಗರ, ಕೊಳಕುಮಂಡಲಗಳು ಒಕ್ಕಲಿಗನ ಕಣಜವನ್ನು ಸಂಬಳವಿಲ್ಲದೆ ಕಾಯುವ ಕಾವಲುಗಾರರು.

ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಡುತ್ತದೆ. ಕೈ ತೂರುವಷ್ಟು ಅಗಲದ ಬಿರುಕುಗಳು ಆಳಕ್ಕೆ ಇಳಿದಿರುತ್ತವೆ. ಮೇಲೆ ನೆಲ ಕಾದ ಹೆಂಚಾದರೂ ಒಳಗೆ ತಂಪು, ಕತ್ತಲೆ, ಒಂದಿಷ್ಟು ತೇವ. ಹಾವಿನ ಮರಿ ಹಗಲೆಲ್ಲ ಅಂಥ ಸಂದಿನಲ್ಲಿ ಮೈಯ ಎರಡು ಮಗ್ಗುಲೂ ಮಣ್ಣಿಗೆ ತಾಗುವಂತೆ ಮಲಗಬಲ್ಲದು. ಮೈಗೆ ಏನಾದರೂ ಒತ್ತಿಕೊಂಡಿದ್ದರೆ ಅದಕ್ಕೆ ನಿರ್ಭಯ. ಹದ್ದು, ಮುಂಗುಸಿ, ನವಿಲು, ದೊಡ್ಡ ಹಾವು ಎಲ್ಲಕ್ಕೂ ತುತ್ತಾಗಬಲ್ಲ ಗೇಣುದ್ದದ ಜೀವಕ್ಕೆ ಇಕ್ಕಟ್ಟೇ ಕೋಟೆ.

ಆದರೆ ಹೊತ್ತು ಮುಳುಗಿದ ಮೇಲೆ ಅದೇ ಮರಿ ಹೊರಗೆ ಹೊರಡುತ್ತದೆ. ಬದುವಿನ ಉದ್ದಕ್ಕೂ ಹರಿಯುತ್ತದೆ, ನೀರು ಕುಡಿಯುತ್ತದೆ, ಕಪ್ಪೆಯನ್ನೋ ಹಲ್ಲಿಯನ್ನೋ ಹುಡುಕುತ್ತದೆ. ಹಾವಿಗೆ ಇಕ್ಕಟ್ಟು ಬೇಕು, ಆದರೆ ಅದು ಮಲಗುವ ಕೋಣೆಯ ಮಟ್ಟಿಗೆ. ಆ ಕೋಣೆಯ ಬಾಗಿಲಾಚೆ ಬಯಲೂ ಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಕಂಡು ಇನ್ನೊಂದನ್ನು ಮರೆತದ್ದರಿಂದಲೇ ಹಾವು ಸಾಕುವವರ ವಾದವಿವಾದಗಳೆಲ್ಲ ಹುಟ್ಟಿಕೊಂಡಿವೆ.

ಬುಟ್ಟಿ ಮತ್ತು ಮಡಕೆ

ನಮ್ಮ ದೇಶದಲ್ಲಿ ಹಾವಿಗೆ ಮನುಷ್ಯ ಕೊಟ್ಟ ಮೊದಲ ಮನೆ ಹಾವಾಡಿಗನ ಬೆತ್ತದ ಬುಟ್ಟಿ. ಸುತ್ತಿ ಕುಳಿತ ನಾಗರ ಹಿಡಿಸಿದರೆ ಸಾಕೆಂಬುದೇ ಅದರ ಅಳತೆ. ಎಷ್ಟೋ ಹಾವುಗಳ ಹಲ್ಲು ಕಿತ್ತಿರುತ್ತಿದ್ದರು, ಕೆಲವದರ ಬಾಯಿ ಹೊಲಿದಿರುತ್ತಿದ್ದರು. ತಿನ್ನಲಾರದ ಹಾವು ಬುಟ್ಟಿಯಲ್ಲೇ ಸೊರಗಿ ಸಾಯುತ್ತಿತ್ತು. ಪಂಚಮಿಯ ದಿನ ಭಕ್ತರು ಎರೆದ ಹಾಲು ಅದರ ಆಹಾರವಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ವೃತ್ತಿ ಕಾನೂನಿಗೆ ಹೊರತಾಯಿತು.

ಅದಕ್ಕಿಂತ ಮೇಲಾದ ಮನೆಯನ್ನು ನೆರೆಯ ತಮಿಳುನಾಡಿನ ಇರುಳರು ಕೊಟ್ಟರು. ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಪಾಡಿಗೆ ದಾರಿಗಾಣದೆ ಕುಳಿತಿದ್ದ ಈ ಜನರಿಗಾಗಿ 1978ರಲ್ಲಿ ಇರುಳ ಹಾವು ಹಿಡಿಯುವವರ ಸಹಕಾರ ಸಂಘ ಸ್ಥಾಪನೆಯಾಯಿತು. ಮದರಾಸಿನ ಹಾವಿನ ಉದ್ಯಾನವನ್ನು ಕಟ್ಟಿದ ರೋಮುಲಸ್ ವಿಟೇಕರ್ ಅವರು ಇದಕ್ಕೆ ಬೆಂಬಲವಾಗಿ ನಿಂತರು. ಮಹಾಬಲಿಪುರದ ಹತ್ತಿರ ವಡನೆಮ್ಮೇಲಿಯಲ್ಲಿರುವ ಇವರ ಕೇಂದ್ರದಲ್ಲಿ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯೊಳಗೆ ಗಾಳಿಯಾಡುತ್ತದೆ, ಕತ್ತಲೆಯಿರುತ್ತದೆ, ಮಣ್ಣು ತಂಪನ್ನು ಕಾಯುತ್ತದೆ. ಮೂರು ನಾಲ್ಕು ವಾರಗಳಲ್ಲಿ ಕೆಲವು ಬಾರಿ ವಿಷವನ್ನು ತೆಗೆದು, ಮತ್ತೆ ಅದೇ ಹಾವನ್ನು ಹಿಡಿಯದಂತೆ ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ಕಾಡಿಗೆ ಬಿಟ್ಟುಬಿಡುತ್ತಾರೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯ್ಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಮಡಕೆ ಇಕ್ಕಟ್ಟೇ ಸರಿ. ಆದರೆ ಅದಕ್ಕೊಂದು ಉದ್ದೇಶವಿದೆ, ಒಂದು ಅವಧಿಯಿದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಕಚ್ಚಿಸಿಕೊಂಡವನ ಜೀವ ಉಳಿಸುವ ಮದ್ದು ಹಾವಿನ ವಿಷದಿಂದಲೇ ಆಗಬೇಕು. ಒಕ್ಕಲಿಗನ ಪ್ರಾಣಕ್ಕಾಗಿ ಹಾವು ಮೂರು ವಾರ ಮಡಕೆಯಲ್ಲಿರುವುದು ಒಂದು ಮಾತು; ಮನುಷ್ಯನ ಶೋಕಿಗಾಗಿ ಇಪ್ಪತ್ತು ಮೂವತ್ತು ವರ್ಷ ಪೆಟ್ಟಿಗೆಯಲ್ಲಿರುವುದು ಇನ್ನೊಂದು ಮಾತು.

ಸೆಳೆಖಾನೆಯ ಸಂಸಾರ

ಈ ಎರಡನೆಯ ಬಗೆಯ ಮನೆಗೆ ಪಶ್ಚಿಮ ದೇಶಗಳಲ್ಲಿ ‘ರ್‍ಯಾಕ್’ ಎಂದು ಹೆಸರು. ಔಷಧದಂಗಡಿಯ ಕಪಾಟನ್ನು ನೆನೆದರೆ ಅದರ ರೂಪ ತಿಳಿಯುತ್ತದೆ. ಅಟ್ಟಅಟ್ಟವಾಗಿ ಹಲಗೆಗಳು, ಪ್ರತಿ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಪೆಟ್ಟಿಗೆಗಳು. ಪೆಟ್ಟಿಗೆಗಳಿಗೆ ಮುಚ್ಚಳವಿರುವುದಿಲ್ಲ, ಮೇಲಿನ ಹಲಗೆಯೇ ಕೆಳಗಿನ ಪೆಟ್ಟಿಗೆಗೆ ಮುಚ್ಚಳ. ಮೇಜಿನ ಸೆಳೆಖಾನೆಯಂತೆ ಎಳೆದರೆ ಹಾವು ಹೊರಗೆ, ತಳ್ಳಿದರೆ ಒಳಗೆ. ಹಿಂಬದಿಯಲ್ಲಿ ವಿದ್ಯುತ್ತಿನಿಂದ ಬೆಚ್ಚಗಾಗುವ ಪಟ್ಟಿಯೊಂದು ಎಲ್ಲ ಪೆಟ್ಟಿಗೆಗಳಿಗೂ ಶಾಖ ಕೊಡುತ್ತದೆ.

ಈ ಏರ್ಪಾಡು ಹುಟ್ಟಿದ್ದಕ್ಕೆ ಕಾರಣ ಹಾವಿನ ಬಸಿರಿನಲ್ಲಿಯೇ ಇದೆ. ಅಮೆರಿಕದಲ್ಲಿ ಬಹಳ ಜನ ಸಾಕುವ ‘ಕಾರ್ನ್ ಸ್ನೇಕ್’ ಎಂಬ ನಿರ್ವಿಷ ಹಾವು ಒಂದು ಸೂಲಿಗೆ ಹತ್ತರಿಂದ ಮೂವತ್ತು ಮೊಟ್ಟೆಗಳನ್ನಿಡುತ್ತದೆ. ಒಡೆದು ಬಂದ ಮರಿಗಳನ್ನು ಕೂಡಿಹಾಕುವಂತಿಲ್ಲ. ಒಂದೇ ಇಲಿಮರಿಗೆ ಎರಡು ಬಾಯಿ ಬಿದ್ದರೆ ಒಂದನ್ನೊಂದು ನುಂಗಲು ಹೋಗಿ ಎರಡೂ ಸತ್ತಾವು. ಒಂದಕ್ಕೆ ಬಂದ ಉಣ್ಣಿ ಎಲ್ಲಕ್ಕೂ ಹತ್ತೀತು. ಯಾವುದು ತಿಂದಿತು, ಯಾವುದು ಉಪವಾಸ ಬಿದ್ದಿತು ಎಂಬುದೂ ತಿಳಿಯದು. ಆದ್ದರಿಂದ ಮರಿಗೊಂದು ಮನೆ ಬೇಕೇ ಬೇಕು. ಇಪ್ಪತ್ತು ಮರಿಗಳಿಗೆ ಇಪ್ಪತ್ತು ಗಾಜಿನ ತೊಟ್ಟಿಗಳನ್ನಿಟ್ಟರೆ ಒಂದು ಕೋಣೆಯೇ ತುಂಬುತ್ತದೆ; ಇಪ್ಪತ್ತು ಸೆಳೆಖಾನೆಗಳು ಒಂದು ಗೋಡೆಯ ಮೂಲೆಯಲ್ಲಿ ಅಡಗುತ್ತವೆ.

ಆಫ್ರಿಕದ ಘಾನಾ, ಟೋಗೋ, ಬೆನಿನ್ ದೇಶಗಳಿಂದ ರಫ್ತಾಗುತ್ತಿದ್ದ ‘ಬಾಲ್ ಪೈಥಾನ್’ ಎಂಬ ಕಿರಿಯ ಹೆಬ್ಬಾವು ಈ ಉದ್ಯಮವನ್ನು ಇನ್ನಷ್ಟು ಬೆಳೆಸಿತು. ಬೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಎಂಬುವರು ಇದರ ಬಿಳಿ-ಹಳದಿ ಬಣ್ಣದ ತಳಿಯನ್ನು ಮೊದಲ ಬಾರಿಗೆ ಸಾಕಣೆಯಲ್ಲಿ ಹುಟ್ಟಿಸಿದರು. ಅಲ್ಲಿಂದ ಮುಂದೆ ಸೀರೆಯ ಅಂಗಡಿಯಲ್ಲಿ ಹೊಸ ಅಂಚು, ಹೊಸ ಬಣ್ಣ ಬಂದಂತೆ ಹಾವುಗಳಲ್ಲಿಯೂ ಹೊಸ ಹೊಸ ಬಣ್ಣಗಳು ಬಂದವು. ‘ಸ್ಪೈಡರ್’ ಎಂಬ ಚೆಲುವಾದ ತಳಿಯಲ್ಲಿ ತಲೆ ನಡುಗುವ, ದಿಕ್ಕುಗೆಡುವ ನರದೋಷವೂ ಜೊತೆಯಲ್ಲಿಯೇ ಬಂದಿತು. ಬಣ್ಣ ಬೇಕೆಂದವರು ನಡುಕವನ್ನೂ ಕೊಂಡರು.

ಅಳತೆಯ ಲೆಕ್ಕ

ಈಗ ಅಂಗುಲದ ಮಾತಿಗೆ ಬರಬಹುದು. ಮೊಟ್ಟೆಯೊಡೆದು ಬಂದ ಬಾಲ್ ಪೈಥಾನ್ ಮರಿಯ ಉದ್ದ ಸುಮಾರು 40 ಸೆಂಟಿಮೀಟರ್, ಎಂದರೆ 16 ಅಂಗುಲ. ಕಾರ್ನ್ ಸ್ನೇಕಿನ ಮರಿ ಅದಕ್ಕಿಂತ ಗಿಡ್ಡ. 25ರಿಂದ 30 ಸೆಂಟಿಮೀಟರ್, ದಪ್ಪ ಸೀಸದಕಡ್ಡಿಯಷ್ಟು. ರ್‍ಯಾಕುಗಳಲ್ಲಿ ಇಂಥ ಮರಿಗಳಿಗೆ ಬಳಕೆಯಲ್ಲಿರುವುದು ಒಂದು ಜೊತೆ ಚಪ್ಪಲಿ ಹಿಡಿಸುವ ಪೆಟ್ಟಿಗೆ; ಸುಮಾರು 34 ಸೆಂಟಿಮೀಟರ್ ಉದ್ದ, 20 ಅಗಲ, 12 ಎತ್ತರ.

ಹಳೆಯ ಸಾಕಣೆಗಾರರ ಸೂತ್ರ ಹೀಗೆ: ಪೆಟ್ಟಿಗೆಯ ಉದ್ದ ಮತ್ತು ಅಗಲವನ್ನು ಕೂಡಿದರೆ ಹಾವಿನ ಉದ್ದಕ್ಕೆ ಸಮನಾಗಿಯೋ ಹೆಚ್ಚಾಗಿಯೋ ಇರಬೇಕು. 34ಕ್ಕೆ 20 ಕೂಡಿದರೆ 54; ಹಾವಿನ ಮರಿ 40. ಸೂತ್ರದಂತೆ ಮನೆ ಧಾರಾಳವಾಗಿದೆ. ಆದರೆ ಅಳತೆಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಅಳೆದರೆ ಆ ಪೆಟ್ಟಿಗೆಯ ಅತ್ಯಂತ ಉದ್ದದ ಗೆರೆ 39 ಸೆಂಟಿಮೀಟರ್ ಚಿಲ್ಲರೆ ಮಾತ್ರ. ಹುಟ್ಟಿದ ದಿನವೇ ಮರಿ ಅದರಲ್ಲಿ ಮೈಚಾಚಿ ಮಲಗಲಾರದು. ಮುಂದೆ ಅದು 60 ಸೆಂಟಿಮೀಟರಿಗೆ ಬೆಳೆದಾಗ ಹಳೆಯ ಸೂತ್ರವೂ ಸೋಲುತ್ತದೆ. ಆಗ ದೊಡ್ಡ ಪೆಟ್ಟಿಗೆ, ಅದು ಸಾಲದಾದಾಗ ಮಂಚದ ಕೆಳಗೆ ಬಟ್ಟೆ ತಳ್ಳಿಡುವಂಥ ಪೆಟ್ಟಿಗೆ. ಹಾವು ನಾಲ್ಕೈದು ಅಡಿ ಬೆಳೆದರೂ ರ್‍ಯಾಕಿನ ಪೆಟ್ಟಿಗೆಯ ಎತ್ತರ ಮಾತ್ರ ಗೇಣನ್ನು ದಾಟುವುದಿಲ್ಲ.

ಹೊಸ ಸೂತ್ರ ಇನ್ನೂ ಸರಳ: ಹಾವು ಎಷ್ಟುದ್ದವೋ ಮನೆಯೂ ಕಡೆಯ ಪಕ್ಷ ಅಷ್ಟುದ್ದ, ಅಗಲ ಅದರ ಅರ್ಧ, ಮರವೇರುವ ಹಾವಾದರೆ ಎತ್ತರವೂ ಬೇಕು. ಜರ್ಮನಿ 1997ರಷ್ಟು ಹಿಂದೆಯೇ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸರೀಸೃಪಗಳ ಮನೆಯನ್ನು ಹೀಗೆ ಪ್ರಾಣಿಯ ಮೈಯಳತೆಯ ಲೆಕ್ಕದಲ್ಲಿಯೇ ಹೇಳಿತ್ತು. ಆ ಪ್ರಕಾರ 40 ಸೆಂಟಿಮೀಟರಿನ ಮರಿಗೆ ಬೆಳೆಯುವ ಅವಕಾಶವನ್ನೂ ಸೇರಿಸಿ ಎರಡು ಅಡಿಯ ಮನೆ. ಬೆಳೆದ ಬಾಲ್ ಪೈಥಾನಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಇದು ನಮ್ಮ ಮನೆಗಳ ಪುಸ್ತಕದ ಕಪಾಟನ್ನು ಅಡ್ಡ ಮಲಗಿಸಿದಷ್ಟು ಜಾಗ.

ಇದಕ್ಕೆ ರ್‍ಯಾಕಿನ ಪರವಾದವರು ಕೊಡುವ ಉತ್ತರವೂ ಉಂಟು. ದೊಡ್ಡ ಮನೆಯಲ್ಲಿಟ್ಟರೆ ಮರಿ ಹೆದರಿ ಮೇವನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ನಾಲ್ಕು ಕಡೆ ಗಾಜು, ಒಳಗೆ ಬರಿದಾದ ನೆಲ, ಮೇಲೆ ದೀಪದ ಬೆಳಕು. ಇಂಥಲ್ಲಿ ಮರಿ ಕಂಗಾಲಾಗುವುದು ಸಹಜ. ಎರೆಯ ಬಿರುಕಿನಲ್ಲಿ ಹುದುಗಿರಬೇಕಾದ ಜೀವವನ್ನು ಕಣದ ನಡುವೆ ತಂದಿಟ್ಟಂತೆ. ಆದರೆ ದೋಷ ಜಾಗ ಹೆಚ್ಚಾದದ್ದರಲ್ಲಿಲ್ಲ, ಮರೆ ಇಲ್ಲದ್ದರಲ್ಲಿದೆ. ಅದೇ ಮನೆಯ ಎರಡು ತುದಿಗೂ ಮೈ ಒತ್ತಿಕೊಂಡು ಕೂರುವಂಥ ಒಂದೊಂದು ಗೂಡನ್ನಿಟ್ಟು, ನಡುವೆ ಒಣಎಲೆ, ತೊಗಟೆ, ಕೊಂಬೆಗಳನ್ನು ಹರಡಿ, ಮೂರು ಬದಿಗೆ ಕಾಗದ ಅಂಟಿಸಿದರೆ ಮರಿಗೆ ಬಿಲವೂ ಸಿಕ್ಕಿತು, ಬಯಲೂ ಸಿಕ್ಕಿತು.

ಶಾಖ, ತೇವ, ಬೀಗ

ಮನೆಯ ಅಳತೆಗೂ ಶಾಖಕ್ಕೂ ಹತ್ತಿರದ ನಂಟಿದೆ. ಹಾವಿನ ರಕ್ತಕ್ಕೆ ತನ್ನದೇ ಆದ ಬಿಸಿಯಿಲ್ಲ. ತಿಂದದ್ದು ಅರಗಬೇಕಾದರೆ ಅದು ಬೆಚ್ಚಗಿನ ತಾಣಕ್ಕೆ ಹೋಗಬೇಕು. ಮೈ ಕಾದ ಮೇಲೆ ತಂಪಿಗೆ ಸರಿಯಬೇಕು. ಬಾಲ್ ಪೈಥಾನಿನ ಮನೆಯ ಒಂದು ತುದಿ 31-32 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಇನ್ನೊಂದು ತುದಿ 25-26 ಇರಬೇಕು. ಒಂದಡಿ ಉದ್ದದ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸವನ್ನು ಉಳಿಸುವುದು ಕಷ್ಟ. ಇಡೀ ಪೆಟ್ಟಿಗೆಯೇ ಕಾಯುತ್ತದೆ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟರಂತೂ ಮುಗಿಯಿತು. ಸುಡುವ ನೆಲದ ಮೇಲೆ ಹಾವು ಕದಲದೆ ಮಲಗಿ ಹೊಟ್ಟೆಯನ್ನು ಬೇಯಿಸಿಕೊಂಡ ಪ್ರಕರಣಗಳು ಪಶುವೈದ್ಯರಿಗೆ ಹೊಸವಲ್ಲ. ನಮ್ಮ ಬಯಲುಸೀಮೆಯಂಥ ನಾಡಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಬೇಸಿಗೆಯ ಮಧ್ಯಾಹ್ನ ಉಷ್ಣಮಾನ 40ನ್ನು ದಾಟಿದಾಗ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ ಹಾವಿಗೆ ಒಲೆಯೇ ಆದೀತು.

ಗಾಳಿಯ ಸಲುವಾಗಿ ಪೆಟ್ಟಿಗೆಯ ಮಗ್ಗುಲಲ್ಲಿ ತೂತುಗಳನ್ನು ಕೊರೆಯುತ್ತಾರೆ. ಹೆಚ್ಚು ಕೊರೆದರೆ ತೇವ ಆರಿ ಹಾವಿನ ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಕಡಿಮೆ ಕೊರೆದರೆ ಒಳಗೆ ನೀರು ಬೆವೆತು ಹೊಟ್ಟೆಯಡಿ ಹುಣ್ಣಾಗುತ್ತದೆ, ಉಸಿರಿನ ಬೇನೆ ಹತ್ತುತ್ತದೆ. ಪೊರೆ ಬಿಡುವ ಕಾಲಕ್ಕೆ ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಇಡುವುದು ವಾಡಿಕೆ. ನೆಲಕ್ಕೆ ವೃತ್ತಪತ್ರಿಕೆ ಹಾಸಿದರೆ ಚೊಕ್ಕಟ. ಗಲೀಜಾದ ಕೂಡಲೆ ಬದಲಿಸಬಹುದು. ಹೊಸದಾಗಿ ಬಂದ ಹಾವನ್ನು ಉಳಿದವುಗಳಿಂದ ಒಂದೆರಡು ತಿಂಗಳಾದರೂ ಬೇರೆ ಕೋಣೆಯಲ್ಲಿರಿಸಿ ನೋಡುವುದು ತಿಳಿದವರ ಕ್ರಮ. ಇಂಥ ತಾತ್ಕಾಲಿಕ ಉಪಯೋಗಕ್ಕೆ, ರೋಗಿಯ ಶುಶ್ರೂಷೆಗೆ, ಮೊದಲ ಕೆಲವು ವಾರಗಳ ಮರಿಯ ಆರೈಕೆಗೆ ಸೆಳೆಖಾನೆ ಅನುಕೂಲವೆಂಬುದನ್ನು ಅದರ ವಿರೋಧಿಗಳೂ ಒಪ್ಪುತ್ತಾರೆ.

ಇನ್ನು ಬೀಗದ ಮಾತು. ಹಾವಿನ ಮರಿ ತಲೆ ತೂರಿದಲ್ಲೆಲ್ಲ ಮೈಯನ್ನೂ ತೂರಿಸುತ್ತದೆ. ಪೆಟ್ಟಿಗೆಗೂ ಮೇಲಿನ ಹಲಗೆಗೂ ನಡುವೆ ಸೀಸದಕಡ್ಡಿ ಹೋಗುವಷ್ಟು ಸಂದಿದ್ದರೆ ಸಾಕು, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಬರಿದು. ನಾಗರ, ಕೊಳಕುಮಂಡಲಗಳ ಮರಿಗಳಿಗೆ ಹುಟ್ಟಿದಂದಿನಿಂದಲೇ ವಿಷವುಂಟು ಎಂಬುದನ್ನು ನೆನೆದರೆ ಈ ಸಂದಿನ ಅಳತೆ ಎಷ್ಟು ಮುಖ್ಯವೆಂಬುದು ಬೇರೆ ಹೇಳಬೇಕಾಗಿಲ್ಲ.

ವಿಜ್ಞಾನಿಗಳು ಕಂಡದ್ದು

ಹಾವು ಇಡೀ ದಿನ ಸುತ್ತಿಕೊಂಡೇ ಇರುತ್ತದೆ, ಅದಕ್ಕೇಕೆ ಉದ್ದದ ಮನೆ ಎಂಬ ಪ್ರಶ್ನೆ ಬಹುಕಾಲ ಉತ್ತರವಿಲ್ಲದೆ ಉಳಿದಿತ್ತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು 65 ಹಾವುಗಳನ್ನು ಒಂದೊಂದು ಗಂಟೆ ಕಾಲ ಗಮನಿಸಿದರು. ಅವುಗಳಲ್ಲಿ 24 ಹಾವುಗಳು ಆ ಒಂದು ಗಂಟೆಯಲ್ಲಿಯೇ ನೇರವಾಗಿ ಅಥವಾ ಹೆಚ್ಚುಕಡಿಮೆ ನೇರವಾಗಿ ಮೈಚಾಚಿದವು. ಚಾಚಲು ಎಡೆಯಿದ್ದರೆ ಹಾವು ಚಾಚುತ್ತದೆ, ಎಡೆಯಿಲ್ಲದ್ದರಿಂದ ಸುತ್ತಿಕೊಂಡಿರುತ್ತದೆ. ಪೆಟ್ಟಿಗೆಯಲ್ಲಿಟ್ಟು, ನೋಡಿ, ಇದಕ್ಕೆ ಪೆಟ್ಟಿಗೆಯೇ ಇಷ್ಟ ಎನ್ನುವುದು ತರ್ಕವಾಗಲಾರದು.

ಅದಕ್ಕೂ ಹಿಂದೆ, 2006ರಲ್ಲಿ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ಆಲ್ಮ್‌ಲೀ ಮತ್ತು ಬರ್ಗ್‌ಹಾರ್ಟ್ ಎಂಬುವರು ಒಂದೇ ಸೂಲಿನ ಹಾವಿನ ಮರಿಗಳನ್ನು ಎರಡು ಬಗೆಯ ಮನೆಗಳಲ್ಲಿ ಬೆಳೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವಕ್ಕೆ ಬರಿಯ ಪೆಟ್ಟಿಗೆ, ಕೆಲವಕ್ಕೆ ಏರಲು, ಅಡಗಲು, ಹುಡುಕಲು ಆಸ್ಪದವಿದ್ದ ಮನೆ. ಎರಡನೆಯ ಗುಂಪಿನ ಮರಿಗಳು ಹೊಸ ಪರಿಸರಕ್ಕೆ ಬೇಗ ಹೊಂದಿಕೊಂಡವು. 2021ರಲ್ಲಿ ಜರ್ಮನಿಯ ಮ್ಯೂನಿಚ್ ವಿಶ್ವವಿದ್ಯಾನಿಲಯದವರು ಬಾಲ್ ಪೈಥಾನುಗಳನ್ನೇ ತೆಗೆದುಕೊಂಡು ರ್‍ಯಾಕಿನ ಬಾಳನ್ನೂ ವಿಶಾಲವಾದ ಮನೆಯ ಬಾಳನ್ನೂ ಹೋಲಿಸಿದರು. ವಿಶಾಲವಾದ ಮನೆಯಲ್ಲಿ ಹಾವುಗಳು ಹತ್ತಿದವು, ಮೈಚಾಚಿದವು, ಬಿಲ ಹೊಕ್ಕು ಹೊರಟವು. ರ್‍ಯಾಕಿನಲ್ಲಿ ಇವಕ್ಕೆಲ್ಲ ಎಡೆಯೇ ಇರಲಿಲ್ಲ. ಬದಲಾಗಿ ಗೋಡೆಗೆ ಮೂತಿ ಉಜ್ಜುವುದೇ ಮೊದಲಾದ ಅರ್ಥಹೀನ ಪುನರಾವೃತ್ತಿಗಳು ಕಂಡುಬಂದವು. ಬೋನಿನ ಹುಲಿ ಅತ್ತಿಂದಿತ್ತ ಸುಳಿದಾಡುವುದನ್ನು ಕಂಡವರಿಗೆ ಇದರ ಅರ್ಥ ತಿಳಿಯುತ್ತದೆ. ಹುಲಿಯ ಬೇಸರ ಕಣ್ಣಿಗೆ ಕಾಣುತ್ತದೆ; ಹಾವಿಗೆ ರೆಪ್ಪೆಯಿಲ್ಲ, ದನಿಯಿಲ್ಲ, ಮುಖಭಾವವಿಲ್ಲ. ಅದರ ಬೇಸರವನ್ನು ತಿಳಿಯಲು ಗಡಿಯಾರ ಹಿಡಿದು ಕೂರಬೇಕಾಯಿತು.

ಬೆಂಗಳೂರಿನ ಪೆಟ್ಟಿಗೆಗಳು

2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದ ವಿಮಾನದ ಸಾಮಾನಿನಲ್ಲಿ, ಯಾರೂ ತಮ್ಮದೆನ್ನದ ಪೆಟ್ಟಿಗೆಗಳು ಸುಂಕದ ಅಧಿಕಾರಿಗಳ ಕೈಗೆ ಸಿಕ್ಕವು. ಒಳಗೆ 78 ಪ್ರಾಣಿಗಳಿದ್ದವು: ಬಗೆಬಗೆಯ ಬಣ್ಣದ 55 ಬಾಲ್ ಪೈಥಾನುಗಳು, 17 ಕಾಳಿಂಗ ಸರ್ಪಗಳು, ಆರು ಕಪೂಚಿನ್ ಕೋತಿಗಳು. ಕೋತಿಗಳು ಸತ್ತಿದ್ದವು. ಬದುಕಿದ್ದ ಹಾವುಗಳನ್ನು ಬಂದ ದೇಶಕ್ಕೇ ಹಿಂದಕ್ಕೆ ಕಳುಹಿಸಲಾಯಿತು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದಲೇ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ದಕ್ಷಿಣ ಅಮೆರಿಕದ ಜವುಗು ನೆಲದ ಹತ್ತು ಹಳದಿ ಅನಕೊಂಡಗಳು ದೊರೆತವು.

ರ್‍ಯಾಕಿನ ಕಥೆಗೂ ಈ ಕಥೆಗೂ ನಂಟಿದೆ. ಚಪ್ಪಲಿಯ ಪೆಟ್ಟಿಗೆಯಲ್ಲಿ ಬದುಕಬಲ್ಲದೆಂದು ಒಮ್ಮೆ ನಂಬಿದ ಮೇಲೆ ಅದೇ ಜೀವವನ್ನು ಚೀಲದ ಮೂಲೆಯಲ್ಲಿ ಸಾಗಿಸಬಹುದೆಂಬ ಎಣಿಕೆಗೆ ಹೆಚ್ಚು ದೂರವಿಲ್ಲ. ಮರಿ ಚಿಕ್ಕದು, ಸದ್ದು ಮಾಡದು, ವಾರಗಟ್ಟಲೆ ಹಸಿವನ್ನು ತಡೆಯಬಲ್ಲದು. ಕಳ್ಳಸಾಗಣೆಗಾರನಿಗೆ ಇವೇ ಅನುಕೂಲಗಳು. ಕೊಳ್ಳುವವನಿಗೆ ಗೇಣುದ್ದದ ಮರಿ ಮಾತ್ರ ಕಾಣುತ್ತದೆ. ಮುಂದೆ ಅದು ಆಳುದ್ದ, ಎರಡಾಳುದ್ದ ಬೆಳೆದೀತೆಂಬುದು ಕಾಣುವುದಿಲ್ಲ.

ಆ 17 ಕಾಳಿಂಗಗಳ ಮಾತನ್ನೇ ತೆಗೆದುಕೊಳ್ಳಬಹುದು. ಕಾಳಿಂಗನ ಆಹಾರವೇ ಹಾವು. ಜೊತೆಯ ಮರಿಯನ್ನೂ ನುಂಗಲು ಹಿಂಜರಿಯದ ಜಾತಿ. ಆಗುಂಬೆಯಲ್ಲಿ 2005ರಲ್ಲಿ ವಿಟೇಕರ್ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗಗಳ ಮೈಯಲ್ಲಿ ರೇಡಿಯೋ ಯಂತ್ರವನ್ನಿರಿಸಿ ಕಾಡಿನಲ್ಲಿ ಹಿಂಬಾಲಿಸಿದರು. ಅವು ತೋಟ, ಹಳ್ಳ, ಗುಡ್ಡಗಳನ್ನು ದಾಟಿ ಮೈಲಿಗಟ್ಟಲೆ ಸಂಚರಿಸುವುದು ತಿಳಿದುಬಂದಿತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗವೇ ಬೇರೊಂದು ಪ್ರಭೇದವೆಂದು ಸಾಧಿಸಿ, ಅದರ ಶಾಸ್ತ್ರೀಯ ನಾಮಧೇಯದಲ್ಲಿ ಕನ್ನಡದ ‘ಕಾಳಿಂಗ’ ಎಂಬ ಶಬ್ದವನ್ನೇ ಸೇರಿಸಿದರು. ಮೈಲಿಗಳ ಲೆಕ್ಕದಲ್ಲಿ ಮನೆಯುಳ್ಳ ಈ ಕುಲದ ಮರಿಗಳಿಗೆ ಪೆಟ್ಟಿಗೆಯ ಅಂಗುಲಗಳನ್ನು ಗುಣಿಸುತ್ತ ಕೂರುವುದು ವ್ಯರ್ಥ.

ಕಾಯ್ದೆಯ ಗೆರೆ

ನಮ್ಮ ನಾಡಿನ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ ಎಂಬುದು ಮೊದಲ ಮಾತು. ಕೇರೆಯಾಗಲಿ, ನಾಗರವಾಗಲಿ, ಹೆಬ್ಬಾವಾಗಲಿ, ಹಿಡಿದಿಡುವುದು ಅಪರಾಧ. ಹೆಬ್ಬಾವಿನಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷಗಳ ಸೆರೆವಾಸಕ್ಕೆ ಅವಕಾಶವಿದೆ. ವಿದೇಶಿ ಹಾವುಗಳ ಸಂಗತಿ ಬಹುಕಾಲ ಸಡಿಲವಾಗಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳೂ ಅದರ ವ್ಯಾಪ್ತಿಗೆ ಬಂದವು. ಬಾಲ್ ಪೈಥಾನೂ ಆ ಪಟ್ಟಿಯಲ್ಲಿದೆ. ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ ವರದಿ ಮಾಡಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮಗಳು ಪ್ರಕಟವಾದವು. ಆದರೆ ನೋಂದಣಿಯ ಪುಸ್ತಕ ಯಜಮಾನನ ಹೆಸರನ್ನು ಕೇಳುವಷ್ಟು ಖಚಿತವಾಗಿ ಪೆಟ್ಟಿಗೆಯ ಉದ್ದವನ್ನು ಕೇಳುವುದು ಕಷ್ಟ. ಆ ಹೊಣೆ ಯಜಮಾನನ ಅಂತಃಕರಣಕ್ಕೇ ಉಳಿಯುತ್ತದೆ.

ಮನೆಯಲ್ಲಿ ಮಕ್ಕಳು ಹಾವಿನ ಮರಿ ಬೇಕೆಂದು ಹಟ ಹಿಡಿದರೆ ತಾಯಿತಂದೆಯರು ಬೆಚ್ಚಿಬೀಳಬೇಕಾಗಿಲ್ಲ. ಕುತೂಹಲ ಒಳ್ಳೆಯದೇ. ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೋ, ಬನ್ನೇರುಘಟ್ಟಕ್ಕೋ, ಮಂಗಳೂರಿನ ಪಿಲಿಕುಳಕ್ಕೋ ಕರೆದೊಯ್ದು ತೋರಿಸಬಹುದು. ತೋರಿಸುವಾಗ ಹಾವಿನ ಜೊತೆಗೆ ಅದರ ಮನೆಯನ್ನೂ ತೋರಿಸಿ, ಇದಕ್ಕೆ ಮೈಚಾಚಲು ಎಡೆಯಿದೆಯೆ, ಅಡಗಲು ಗೂಡಿದೆಯೆ, ಏರಲು ಕೊಂಬೆಯಿದೆಯೆ, ಬಿಸಿಲೂ ನೆರಳೂ ಇವೆಯೆ ಎಂದು ಮಕ್ಕಳಿಂದಲೇ ಎಣಿಕೆ ಹಾಕಿಸಬಹುದು. ಈ ನಾಲ್ಕು ಪ್ರಶ್ನೆಗಳಲ್ಲಿ ಹಾವು ಸಾಕುವ ವಿದ್ಯೆಯ ಸಾರವೆಲ್ಲ ಅಡಕವಾಗಿದೆ.

ಹಿತ್ತಿಲ ಸೌದೆಯ ಅಡಿಯಲ್ಲಿ ಹಾವಿನ ಮೊಟ್ಟೆಗಳು ಕಂಡರೂ ಅಷ್ಟೆ; ಅವನ್ನು ಒಡೆಯಬೇಕಾಗಿಲ್ಲ, ಡಬ್ಬಿಗೆ ತುಂಬಿ ಅಟ್ಟದ ಮೇಲಿಡಬೇಕಾಗಿಯೂ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿದರೆ ಬಲ್ಲವರು ಬಂದು ಒಯ್ಯುತ್ತಾರೆ. ಮೊಟ್ಟೆಯೊಡೆದ ಮರಿ ಒಡಲೊಳಗಿನ ಭಂಡಾರದ ಬಲದಿಂದ ಮೊದಲ ಪೊರೆ ಬಿಡುವವರೆಗೂ ಮೇವಿಲ್ಲದೆ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಒಂದು ಪುಟ್ಟ ಪೆಟ್ಟಿಗೆ ಸಾಕು.

ಆ ಮೇಲೆ ಅದಕ್ಕೆ ಬೇಕಾದದ್ದು ಸಿಂಧನೂರಿನ ಗದ್ದೆಯ ಬದು, ಮಸ್ಕಿಯ ಬಂಡೆಯ ಸಂದು, ವಳಕಮದಿನ್ನಿಯ ಕಡೆಯ ಹೊಲದ ಅಂಚು. ಅಲ್ಲಿ ಬಾಡಿಗೆಯಿಲ್ಲ, ಥರ್ಮೋಸ್ಟಾಟ್ ಇಲ್ಲ. ಶಾಖ ಬೇಕೆಂದಾಗ ಬಿಸಿಲಿದೆ, ತಂಪು ಬೇಕೆಂದಾಗ ಬಿಲವಿದೆ, ಹಸಿದಾಗ ಇಲಿಯಿದೆ. ಭತ್ತ ಬೆಳೆಯುವವನಿಗೂ ಅದರಿಂದ ಲಾಭವೇ.